ಅಮ್ಮನ ನಂಬರು

"ಬಂತೇನಮ್ಮಾ ಓಟಿಪಿ?"

ನಡುಮನೆಯಿಂದ ಬಾವನವರ ದನಿ ಕೇಳಿದಾಗ ಪ್ರೇಮಲೀಲಾ ಕಾವಲಿಯ ಮೇಲೆ ದೋಸೆ ಮಗುಚಿ ಹಾಕುತ್ತಿದ್ದಳು. ಅಕ್ಕಿ ಡಬ್ಬದ ಮೇಲಿಟ್ಟಿದ್ದ ಫೋನು ಟಿಂಗ್ ಅಂದಿತು. ಹಿಟ್ಟು ಮೆತ್ತಿಕೊಂಡ ಕೈಯಲ್ಲಿ ಮುಟ್ಟಲಾರದೆ ಕಿರುಬೆರಳ ತುದಿಯಿಂದ ತಟ್ಟಿ ನೋಡಿದಳು. ಆರು ಅಂಕಿ, ಅದರ ಕೆಳಗೆ, ಇದನ್ನು ಯಾರಿಗೂ ಹೇಳಬೇಡಿ ಎಂಬ ಎಂದಿನ ಸಾಲು.

"ಬಂತು ಬಾವ."

"ಹೇಳ್ಬುಡು ಮತ್ತೆ. ಇಲ್ಲಿ ಟೈಮ್ ಓಡ್ತಾ ಇದೆ."

ಪ್ರೇಮಲೀಲಾ ದೋಸೆ ಎತ್ತಿ ತಟ್ಟೆಗೆ ಹಾಕಿದಳು. ಸ್ಟವ್ ಸಣ್ಣ ಮಾಡಿದಳು. ಸೆರಗಿಗೆ ಕೈ ಒರೆಸಿಕೊಂಡಳು. ಇಷ್ಟೂ ಕೆಲಸ ಮುಗಿದ ಮೇಲೆ, ತಾನೇನೂ ದೊಡ್ಡ ಮಾತು ಆಡುತ್ತಿಲ್ಲ ಎಂಬಂತೆ, "ಹೇಳಲ್ಲ," ಅಂದಳು.

ನಡುಮನೆಯಲ್ಲಿ ಬಾವ ವಿಜಯ್‌ಕುಮಾರ್ ನಕ್ಕರು. "ಏನ್ಲಾ ಲಿಂಗ್ರಾಜು, ನಿನ್ ಹೆಂಡ್ತಿ ತಮಾಷೆ ಮಾಡೋದು ಕಲ್ತವ್ಳೆ! ಹೇಳಮ್ಮ, ಎಕ್ಸ್‌ಪೈರ್ ಆಗೋಗುತ್ತೆ."

"ಯಾರ್ಗೂ ಹೇಳ್ಬೇಡಿ ಅಂತ ಇದರಲ್ಲೇ ಬರ್ದವ್ರಲ್ಲ ಬಾವ."

ಆ ಸಾಲನ್ನು ಆ ಮನೆಯಲ್ಲಿ ಯಾರೂ ಯಾವತ್ತೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೈಸೂರಿನ ಕುಂಬಾರಕೊಪ್ಪಲಿನ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಗಂಡ ಲಿಂಗರಾಜು ಕೊಡಿಸಿದ ಸಿಮ್ಮು ಅದು. ಗಂಡಸರು ಆಫರ್ ಬಂದಾಗಲೆಲ್ಲ ಕಂಪನಿ ಬದಲಾಯಿಸಿದರು, ನಂಬರು ಕಳೆದುಕೊಂಡರು, ಫ್ಯಾಕ್ಟರಿಯೊಳಗೆ ಬಿಡುವುದಿಲ್ಲವೆಂದು ಫೋನನ್ನು ಗೇಟಿನಲ್ಲೇ ಇಟ್ಟು ಹೋದರು. ಪ್ರೇಮಲೀಲಾಳ ನಂಬರು ಮಾತ್ರ ಅಕ್ಕಿ ಡಬ್ಬದ ಮೇಲೆ ಅಲ್ಲಾಡದೆ ಕೂತಿತ್ತು. ಹಾಗಾಗಿ ಎಲ್ಲಿ ಏನು ತುಂಬಬೇಕಾದರೂ "ಪ್ರೇಮನ ನಂಬರ್ ಹಾಕ್ಬುಡು, ಅವಳು ಮನೇಲೇ ಇರ್ತಾಳೆ" ಎನ್ನುವುದು ರೂಢಿಯಾಯಿತು. ಗ್ಯಾಸಿನದು, ರೇಷನ್ನಿನದು, ಅತ್ತೆಯ ಪಿಂಚಣಿಯದು, ಬಾವನವರ ಬ್ಯಾಂಕಿನದು, ಕೊರೊನಾ ಸೂಜಿಯದು, ಒಂಟಿಕೊಪ್ಪಲಿನಲ್ಲಿರುವ ನಾದಿನಿ ತರಿಸುವ ಸೀರೆಯದು, ಎಲ್ಲ ಟಿಂಗುಗಳೂ ಅವಳ ಅಡುಗೆಮನೆಗೇ. ಮೇಲಿನ ಮನೆಯಲ್ಲಿರುವ ತಮ್ಮ ಹೆಂಡತಿಗೂ ಗೊತ್ತಾಗದ ಹಾಗೆ ಬಾವ ಕೂದಲು ಬೆಳೆಯುವ ಎಣ್ಣೆ ತರಿಸಿದ್ದೂ ಅವಳಿಗೆ ಗೊತ್ತು. ಬಾಯಿ ಬಿಟ್ಟವಳಲ್ಲ. ಕೇಳಿದಾಗ ಅಂಕಿ ಓದುವುದು, ಉಳಿದಂತೆ ಸುಮ್ಮನಿರುವುದು. ಈ ಹೊಸ ಕಾಲದಲ್ಲಿ ಪ್ರೇಮಲೀಲಾಳ ಪಾಲಿನ ಕೆಲಸ ಅಷ್ಟು ಎಂದು ಮನೆ ತೀರ್ಮಾನಿಸಿತ್ತು. ಅವಳೂ ಇಲ್ಲವೆಂದಿರಲಿಲ್ಲ.

ಇವತ್ತಿನ ಟಿಂಗು ಮಗಳು ತನುಶ್ರೀಯ ಸೀಟಿನದು. ಪಿಯುಸಿಯಲ್ಲಿ ಗಣಿತವನ್ನೂ ಜೀವಶಾಸ್ತ್ರವನ್ನೂ ಓದಿದ್ದ ಹುಡುಗಿಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕು ಬಂದಿತ್ತು. ಯಾವ ಕಾಲೇಜು, ಯಾವ ಕೋರ್ಸು ಬೇಕೆಂದು ಒಂದರ ಕೆಳಗೊಂದು ಜೋಡಿಸಿ ವೆಬ್‌ಸೈಟಿಗೆ ಒಪ್ಪಿಸಬೇಕು. ಅದಕ್ಕೆ ಇವತ್ತು ಸಂಜೆಯೇ ಕೊನೆ. ಜೋಡಿಸುವ ಹೊಣೆಯನ್ನು ದೊಡ್ಡಪ್ಪ ವಿಜಯ್‌ಕುಮಾರ್ ತಾವಾಗಿಯೇ ಹೊತ್ತುಕೊಂಡಿದ್ದರು. ಹೂಟಗಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಅವರು. ತಮ್ಮನನ್ನೂ ಅಲ್ಲಿಗೇ ಸೇರಿಸಿದವರು. ಸ್ವಂತ ಮಕ್ಕಳಿಲ್ಲದ ಅವರಿಗೆ ತನುಶ್ರೀಯೇ ಮಗಳು. ಸೀಟು ಸಿಗುವ ಸಾಧ್ಯತೆಯನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ಆ್ಯಪು, ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ ಕೊಡುವ ಎಐ, ಪೋಷಕರ ವಾಟ್ಸಾಪ್ ಗುಂಪುಗಳು, ಎಲ್ಲವನ್ನೂ ಫೋನಿನಲ್ಲಿ ತುಂಬಿಕೊಂಡು ರಜೆ ಹಾಕಿ ಕೂತಿದ್ದರು. ದಿನಕ್ಕೊಮ್ಮೆ ಒಂದು ಕಾಲೇಜು ಮೇಲೇರುತ್ತಿತ್ತು, ಇನ್ನೊಂದು ಕೆಳಗಿಳಿಯುತ್ತಿತ್ತು. ಹಾಗೆ ತಿದ್ದಿ ತಿದ್ದಿಯೇ ಕೊನೆಯ ದಿನ ಬಂದುಬಿಟ್ಟಿತ್ತು.

ಆದರೆ ಮೊದಲನೆಯ ಜಾಗ ಮಾತ್ರ ಅಲುಗಿರಲಿಲ್ಲ. ರಿಂಗ್ ರಸ್ತೆಯಾಚೆ ಹೊಸದಾಗಿ ಎದ್ದಿರುವ ಖಾಸಗಿ ಕಾಲೇಜು. ಎಐ ಮತ್ತು ಮಿಷಿನ್ ಲರ್ನಿಂಗ್. ಅದನ್ನು ತೋರಿಸಲು ಮನೆಯವರನ್ನೆಲ್ಲ ಕರೆದುಕೊಂಡು ಹೋಗಿದ್ದರು. ಬಾಗಿಲಲ್ಲಿ ರೋಬೋಟೊಂದು ಕೈ ಮುಗಿದು "ಸುಸ್ವಾಗತ" ಅಂದಿತು. ಅತ್ತೆ ಸುಂದರಮ್ಮ ತಿರುಗಿ ಕೈ ಮುಗಿದು "ಚೆಂದಾಗಿದ್ದೀಯೇನಪ್ಪ" ಎಂದು ವಿಚಾರಿಸಿಕೊಂಡರು. ಕೋಟು ಹಾಕಿದ್ದ ಹುಡುಗಿಯೊಬ್ಬಳು ಎಲ್ಲರಿಗೂ ಜ್ಯೂಸು ಕೊಟ್ಟು, ಕ್ಲಾಸಿನ ಕ್ಯಾಮೆರಾ ಮಗುವಿನ ಮುಖ ಗುರುತಿಸಿ ತಾಯಿಯ ಫೋನಿಗೆ ತಿಳಿಸುತ್ತದೆ, ಕ್ಲಾಸು ಬಿಟ್ಟು ಹೊರಗೆ ಬಂದರೂ ತಿಳಿಸುತ್ತದೆ, ಟೆಸ್ಟಿನಲ್ಲಿ ಒಂದಂಕ ಕಡಿಮೆಯಾದರೂ ತಿಳಿಸುತ್ತದೆ ಎಂದು ವಿವರಿಸಿದಳು. "ನೋಡಮ್ಮ, ಗೇಟ್ ದಾಟಿದ್ರೆ ಸಾಕು, ನಿನ್ ಫೋನು ಟಿಂಗ್ ಅನ್ನುತ್ತೆ," ಎಂದು ಬಾವ ಹಿಗ್ಗಿದ್ದರು. ಇನ್ನೊಂದು ಟಿಂಗು ಅಂದುಕೊಂಡಿದ್ದಳು ಪ್ರೇಮಲೀಲಾ.

ನಿನ್ನೆ ಸಂಜೆ ಆ್ಯಪು ಆ ಸೀಟು ಸಿಕ್ಕೇ ಸಿಗುತ್ತದೆ ಎಂದಿತು. ಬಾವ ಮೈಸೂರು ಪಾಕು ತಂದರು. ಜೋಡಿಸಿದ್ದನ್ನೆಲ್ಲ ಗಟ್ಟಿಯಾಗಿ ಓದಿ, "ಏನಮ್ಮ ತನು, ಓಕೆ ತಾನೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೈಸೂರು ಪಾಕಿನ ಡಬ್ಬ ಚಾಚಿದರು. ಹುಡುಗಿ ಒಂದು ತುಂಡು ತೆಗೆದುಕೊಂಡಳು. ಅದನ್ನು ಬಾಯಿಗಿಡದೆ ಬೀದಿಯ ಕೊನೆಯ ಕಾಳಯ್ಯನ ಹಸುವಿಗೆ ತಿನ್ನಿಸುತ್ತಿದ್ದುದನ್ನು ಮಹಡಿಯಿಂದ ಬಟ್ಟೆ ತೆಗೆಯುತ್ತಿದ್ದ ಪ್ರೇಮಲೀಲಾ ನೋಡಿದಳು. ತಲೆ ಬಾಚಿಸಿಕೊಳ್ಳುವಾಗ ಮಗಳು ಒಂದೇ ಒಂದು ಸಲ, ಯಾರಿಗೋ ಹೇಳುವಂತೆ ಗೋಡೆಗೆ ಹೇಳಿದ್ದ ಮಾತು ಆಗ ನೆನಪಿಗೆ ಬಂತು.

ನಡುಮನೆಯಲ್ಲಿ ವಿಜಯ್‌ಕುಮಾರ್ ಮತ್ತೊಮ್ಮೆ ಒತ್ತಿದರು. ಟಿಂಗ್. "ಈಗ ಹೇಳು." ಇಲ್ಲ. ಇನ್ನೊಮ್ಮೆ ಒತ್ತಿದರು. ಟಿಂಗ್. ಫೋನನ್ನೇ ಎತ್ತಿಕೊಂಡು ಹೋಗೋಣವೆಂದು ಲಿಂಗರಾಜು ಅಡುಗೆಮನೆಗೆ ಬಂದ. ಅಷ್ಟರಲ್ಲಿ ಪ್ರೇಮಲೀಲಾ ಇನ್ನೊಂದು ದೋಸೆ ಹುಯ್ದು, ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಸೆರಗು ಬಿಗಿದುಕೊಂಡಿದ್ದಳು.

"ಏನೇ ಇದು?" ಅಂದ ಪಿಸುದನಿಯಲ್ಲಿ.

"ಸೀದೋಗುತ್ತೆ, ಆ ದೋಸೆ ತಿರುವಿ."

ಅವನು ಬೇರೇನು ಮಾಡಬೇಕೆಂದು ತೋಚದೆ ದೋಸೆ ತಿರುವಿದ.

"ಅಯ್ಯೋ, ಲಾಕ್ ಆಗೋಯ್ತಲ್ಲೋ!" ನಡುಮನೆಯಿಂದ ಕೂಗು ಬಂತು. ವೆಬ್‌ಸೈಟು ಮುನಿಸಿಕೊಂಡು ಬಾಗಿಲು ಹಾಕಿಕೊಂಡಿತ್ತು. ಅರ್ಧ ಗಂಟೆ ಬಿಟ್ಟು ಬನ್ನಿ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. "ಪ್ರೇಮಾ, ಬಾಮ್ಮ ಇಲ್ಲಿ."

ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮದುವೆಯಾಗಿ ಬಂದಾಗಿನಿಂದ ಬಾವನವರ ಎದುರು ಅವಳು ಕುರ್ಚಿಯ ಮೇಲೆ ಕೂತವಳಲ್ಲ. ಕೂರಬೇಡವೆಂದು ಯಾರೂ ಹೇಳಿರಲಿಲ್ಲ. ಮೊದಲ ದಿನ ನಿಂತಿದ್ದಳು, ಆಮೇಲೆ ಅದೇ ಆಗಿಹೋಯಿತು.

"ನನ್ ಮೇಲೇನಾರ ಕೋಪಾನಾ?"

"ಇಲ್ಲ ಬಾವ."

"ಮತ್ತೇನಮ್ಮ?"

"ನೀವು ಜೋಡ್ಸಿರೋದ್ರಲ್ಲಿ ವೆಟರ್ನರಿ ಇಲ್ಲ."

ಗೋಡೆಗೊರಗಿ ಸೊಪ್ಪು ಬಿಡಿಸುತ್ತಿದ್ದ ಸುಂದರಮ್ಮ ತಲೆಯೆತ್ತಿದರು. "ಅಂಗಂದ್ರೆ ದನದ್ ಡಾಕ್ಟ್ರಾ? ಅಯ್ಯೋ ಶಿವನೆ, ಅದ್ಕೆ ತೋಳ್ಗಂಟ ಕೈ ಆಕ್ಬೇಕು ಕಣವ್ವ! ಎಣ್ಮಕ್ಳು ಮಾಡೋ ಕೆಲ್ಸವಾ ಅದು?"

"ನೀವು ಹಾಕಿಲ್ವಾ ಅತ್ತೆ?"

"ನಾನ್ ಆಕಿವ್ನಿ. ನಂಗೆ ಯಾರು ಸಂಬ್ಳ ಕೊಟ್ರು?"

ವಿಜಯ್‌ಕುಮಾರ್‌ಗೆ ನಗು ಬರಲಿಲ್ಲ. ಅವರು ಕೈಯಿಂದ ನೆಲ ತೋರಿಸಿದರು. "ಇಲ್ಲಿ, ನಾನು ಕೂತಿದ್ದೀನಲ್ಲ, ಇಲ್ಲೇ ಕೊಟ್ಟಿಗೆ ಇದ್ದಿದ್ದು. ನಿನ್ ಗಂಡನ್ನ ಕೇಳು. ಅದನ್ನ ಕಿತ್ತಾಕಿ ನಡುಮನೆ ಮಾಡ್ದೆ, ಟೈಲ್ಸ್ ಹಾಕುಸ್ದೆ. ಮಳೆ ಬಂದ್ರೆ ಗಂಜಲದ್ ವಾಸ್ನೆ ಈಗ್ಲೂ ಏಳುತ್ತೆ ಅಂತಾರೆ ಮನೇಲಿ. ಅಲ್ಲಿಂದ ಎದ್ದು ಬರೋಕೆ ಎಷ್ಟ್ ಒದ್ದಾಡಿದ್ದೀವಿ, ಮಗೂನ ಮತ್ತೆ ಅಲ್ಲಿಗೇ ತಳ್ಳೋದಾ? ನಾನು ಐಟಿಐ ಮಾಡ್ದೆ. ಯಾಕೆ ಗೊತ್ತಾ? ಪಕ್ಕದ್ಮನೆಯೋನು ಹೋಗ್ತಿದ್ದ, ಅವನ್ ಸೈಕಲ್ ಹಿಂದೆ ಜಾಗ ಇತ್ತು. ಅಷ್ಟೇ ಕಾರಣ. ಅದು ಓದು, ಇದು ಓದು ಅಂತ ಹೇಳೋಕೆ ಒಂದು ನರಪಿಳ್ಳೆ ಇರ್ಲಿಲ್ಲ. ಅದ್ಕೇ ಕಣಮ್ಮ ನಾನು ಇಷ್ಟೆಲ್ಲ..."

ಅವರ ಕಣ್ಣು ತುಸು ಕೆಂಪಾಗಿತ್ತು. ಬಿಟ್ಟುಬಿಡಲೇ ಎನಿಸಿತು ಪ್ರೇಮಲೀಲಾಗೆ. ಈ ಮನುಷ್ಯ ಕೆಟ್ಟದ್ದಕ್ಕೆ ಮಾಡುತ್ತಿಲ್ಲ. ಮಗುವಿಗೆ ಡೆಂಗಿ ಬಂದಾಗ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವರು ಇವರೇ.

"ನಿಮ್ಗೆ ಹೇಳೋರು ಇರ್ಲಿಲ್ಲ ಬಾವ," ಅಂದಳು. "ಅವಳ್ಗೆ ಕೇಳೋರು ಇಲ್ಲ."

"ಕೇಳ್ದೆನಲ್ಲಮ್ಮ! ನಿನ್ನೆ ಅಷ್ಟೂ ಓದಿ ಓಕೆ ತಾನೇ ಅಂತ..."

"ಓಕೆ ತಾನೇ ಅಂದ್ರೆ ಕೇಳ್ದಂಗಾ?"

ಲಿಂಗರಾಜು ದೋಸೆ ತಿರುವುವ ಸಟ್ಟುಗವನ್ನು ಹಾಗೇ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದ. "ಪ್ರೇಮಾ, ಅಣ್ಣನ ಹತ್ರ ಮಾತಾಡೋ ರೀತಿನಾ ಇದು?"

"ರೀತಿ ಆಮೇಲೆ ಕಲೀತೀನಿ. ತನು ಹಾಲು ತರೋಕೆ ಹೋಗವ್ಳೆ, ಕರ್ಕೊಂಡ್ ಬತ್ತೀನಿ. ಅವಳ್ ಬಾಯಿಂದ್ಲೇ ಕೇಳ್ಕಳಿ. ದೊಡ್ಡಪ್ಪ ಹೇಳ್ದ್ ಕಾಲೇಜೇ ಸರಿ ಅಂತ ಅವಳಂದ್ರೆ, ಆರಂಕಿನೂ ನಾನು ಹಾಡ್ ಹೇಳ್ದಂಗೆ ಹೇಳ್ತೀನಿ."

ಚಪ್ಪಲಿ ಮೆಟ್ಟಿ ಬೀದಿಗಿಳಿದಳು. ಸೊಂಟದಲ್ಲಿ ಫೋನು ಬೆಚ್ಚಗಿತ್ತು.

ಕೊಪ್ಪಲಿನ ಹಳೆಯ ಮನೆಗಳೆಲ್ಲ ಮಹಡಿ ಎದ್ದು, ಕೆಳಗೆ ಬೈಕು ನಿಲ್ಲುವ ಜಾಗಗಳಾಗಿದ್ದರೂ ಕಾಳಯ್ಯ ಮಾತ್ರ ತನ್ನ ಕೊಟ್ಟಿಗೆ ಬಿಟ್ಟಿರಲಿಲ್ಲ. ಬಾಗಿಲಿಗೇ ಕಟ್ಟಿದ ಹಸುವಿನಿಂದಾಗಿ ಆಟೋಗಳು ಅಲ್ಲಿ ಹಾರ್ನ್ ಹೊಡೆದು, ಬೈದು, ಸುತ್ತಿಕೊಂಡು ಹೋಗುತ್ತಿದ್ದವು. ತನುಶ್ರೀ ಹಾಲಿನ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಹಸುವಿನ ಕತ್ತಿನಡಿಯ ಗಂಗೆದೊಗಲು ಸವರುತ್ತ ನಿಂತಿದ್ದಳು.

"ಬಾರವ್ವ," ಅಂದ ಕಾಳಯ್ಯ. "ನಿನ್ ಮಗ್ಳು ಆಲ್ಗೆ ಅಂತ ಬತ್ತಾಳೆ, ನಮ್ ಲಚ್ಚಿ ಜೊತೆ ಪಂಚಾಯ್ತಿ ಮಾಡ್ಕಂಡ್ ನಿಂತ್ಕತಾಳೆ. ಆಲು ಒಡೆದೋದ್ರೆ ನನ್ ಮೇಲೆ ಏಳ್ಬ್ಯಾಡ."

"ಒಳಗಿಂದ ಒಂದ್ ಲೋಟ ನೀರು ತತ್ತೀಯಾ ಕಾಳಣ್ಣ?" ಎಂದು ಅವನನ್ನು ಕಳಿಸಿ ಪ್ರೇಮಲೀಲಾ ಮಗಳ ಹತ್ತಿರ ಬಂದಳು. "ಓಟಿಪಿ ಹೇಳ್ಲಿಲ್ಲ ನಾನು."

"ಏನು?"

"ದೊಡ್ಡಪ್ಪಂಗೆ ಓಟಿಪಿ ಹೇಳ್ಲಿಲ್ಲ. ಲಾಕ್ ಆಗದೆ. ನಡಿ, ಬಂದು ನಿಂಗೇನ್ ಬೇಕು ಹೇಳು."

ತನುಶ್ರೀಯ ಕೈ ಹಸುವಿನ ಕತ್ತಿನ ಮೇಲೆ ನಿಂತುಬಿಟ್ಟಿತು. "ಅಮ್ಮ, ತಲೆ ಕೆಟ್ಟಿದ್ಯಾ ನಿಂಗೆ? ದೊಡ್ಡಪ್ಪ ಎಷ್ಟ್ ಬೇಜಾರ್ ಮಾಡ್ಕೋತಾರೆ! ಬೇಡ ಬುಡು. ನಾನು ಅದೇ ಓದ್ತೀನಿ. ಎಲ್ರೂ ಓದ್ತಾರೆ."

"ಏಯ್, ಅಲ್ಲಿ ನಾನು ಅಣ್ಣತಮ್ಮ ಇಬ್ರನ್ನೂ ಎದುರಾಕ್ಕೊಂಡು ಬಂದಿವ್ನಿ, ನೀನಿಲ್ಲಿ ಬೇಡ ಬುಡು ಅಂತೀಯಾ? ಬೇಡ ಅನ್ನೋಳು ನನ್ ಮುಂದೆ ಯಾಕಂದೆ ಮತ್ತೆ? ಗೋಡೆ ಜೊತೆ ಮಾತಾಡ್ತಿದ್ದೆ ಅನ್ಬೇಡ. ಬಾಚಣ್ಗೆ ನನ್ ಕೈಲಿತ್ತು."

ಹುಡುಗಿಗೆ ನಗು ಬಂತು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ, ಹಸುವಿನ ಕಡೆಗೇ ಮುಖ ಮಾಡಿ, ಹೇಳಿದಳು. ಹೋದ ಸಲ ಲಚ್ಚಿಗೆ ಕರು ಅಡ್ಡ ಬಂದಾಗ ಸ್ಕೂಟರಿನಲ್ಲಿ ಒಬ್ಬರು ಡಾಕ್ಟರು ಬಂದಿದ್ದರು, ಸುಚಿತ್ರಾ ಅಂತ. ಬಂದವರೇ ಕಾಳಯ್ಯನನ್ನು, ಅವನ ಅಳಿಯನನ್ನು, ಸುಮ್ಮನೆ ನೋಡಲು ಬಂದು ನಿಂತಿದ್ದ ಗಂಡಸರನ್ನೆಲ್ಲ ಗದರಿ ಹಿಂದಕ್ಕೆ ಸರಿಸಿದರು. "ನೀನ್ ಬಾರಮ್ಮ, ಟಾರ್ಚ್ ಹಿಡಿ, ಕೈ ಅಲ್ಲಾಡ್ಬಾರ್ದು" ಎಂದು ಇವಳನ್ನು ಕರೆದರು.

"ಕಾಳಯ್ಯ ತಾತನ್ನ ಒಬ್ರು ಗದರಿದ್ದು ನಾನು ಅವತ್ತೇ ನೋಡಿದ್ದು ಅಮ್ಮ. ಇಡೀ ಬೀದಿ ಅವರು ಹೇಳ್ದಂಗೆ ಕೇಳ್ತು. ಕರು ಬಂದ್ಮೇಲೆ ಅಲ್ಲೇ ನಲ್ಲಿಲಿ ಕೈ ತೊಳ್ಕೊಂಡು ಬನ್ನು ತಿಂದ್ರು. ಎಲ್ಲಿ ಓದಿದ್ರಿ ಅಂದೆ. ಬೀದರ್ ಅಂದ್ರು."

"ಬೀದರಾ?"

"ಹಾಸನ, ಶಿವಮೊಗ್ಗ, ಬೆಂಗ್ಳೂರಲ್ಲೂ ಇದೆ. ಆದ್ರೆ ನನ್ ರ‍್ಯಾಂಕ್‌ಗೆ ಬಂದ್ರೆ ಬೀದರೇ ಬರ್ಬೋದು."

ಪ್ರೇಮಲೀಲಾ ಕಟ್ಟೆಯ ಮೇಲೆ ಕೂತಳು. ಬೀದರು ಎಂದರೆ ಟಿವಿಯ ಹವಾಮಾನದ ಭೂಪಟದಲ್ಲಿ ಎಲ್ಲಕ್ಕಿಂತ ಮೇಲೆ, ವಾರ್ತೆ ಓದುವವಳ ಕೈಗೆ ನಿಲುಕದ ಕಡೆ ಇರುವ ಊರು. ಅವಳಿಗೂ ಒಂದು ಆಸೆಯಿತ್ತು. ಅದನ್ನು ಅವಳೂ ಯಾರಿಗೂ ಹೇಳಿರಲಿಲ್ಲ. ಮಗಳು ಇಲ್ಲೇ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿಎಸ್ಸಿ ಮಾಡಿ, ಆಮೇಲೆ ಬಿಎಡ್ ಮಾಡಿ, ದಿನಾ ಸಂಜೆ ಮನೆಗೆ ಬಂದು "ಅಮ್ಮ, ತಿನ್ನೋಕೇನಿದೆ?" ಅನ್ನಬೇಕು. ಅದಕ್ಕೆಂದೇ ಹೊಸ ಸ್ಟೀಲ್ ಡಬ್ಬಿಯೊಂದನ್ನು ಅಟ್ಟದ ಮೇಲೆ ತೆಗೆದಿಟ್ಟಿದ್ದಳು.

ಫೋನು ಸೊಂಟದಲ್ಲೇ ಇತ್ತು. ಬೇಕೆಂದರೆ ಈ ಕ್ಷಣವೇ ಹೇಳಬಹುದು: ಅದೂ ಬೇಡ ಇದೂ ಬೇಡ, ನಾನು ಹೇಳಿದ್ದು ಓದು, ಇಲ್ಲದಿದ್ದರೆ ಅಂಕಿ ಇಲ್ಲ. ಸಂಜೆಯವರೆಗೂ ಇಡೀ ಮನೆ ಅವಳ ಮಾತಿಗೆ ಕಾಯಬೇಕಿತ್ತು. 



ಹಸು ಬಾಲ ಬೀಸಿ ನೊಣ ಓಡಿಸಿತು. ಕಾಳಯ್ಯ ನೀರು ತಂದುಕೊಟ್ಟ. ಅವಳು ಲೋಟವನ್ನು ಎತ್ತಿ ಪೂರ್ತಿ ಕುಡಿದಳು.

"ಹಾಸ್ಟೆಲಲ್ಲಿ ಊಟಕ್ಕೇನ್ ಕೊಡ್ತಾರಂತೆ ಅಲ್ಲಿ?"

"ಜೋಳದ್ ರೊಟ್ಟಿ ಅಂದ್ರು."

"ಮುದ್ದೆ ಇಲ್ವಾ?"

"ಇಲ್ವಂತೆ."

"ಥೂ," ಅಂದಳು ಪ್ರೇಮಲೀಲಾ. ಎದ್ದು ಹಾಲಿನ ತಂಬಿಗೆ ಎತ್ತಿಕೊಂಡಳು. "ನಡಿ."

ಮನೆಯಲ್ಲಿ ವಿಜಯ್‌ಕುಮಾರ್ ಲ್ಯಾಪ್‌ಟಾಪಿನ ಮುಂದೆ ತೋಳು ಕಟ್ಟಿ ಕೂತಿದ್ದರು. ಲಿಂಗರಾಜು ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಹೆಂಡತಿ ಮಗಳು ಒಳಬಂದದ್ದೇ ಅವನು ಯಾಕೋ ಎದ್ದು ನಿಂತ.

"ಬಾಮ್ಮ ತನು," ಅಂದರು ದೊಡ್ಡಪ್ಪ. "ಹೆದರ್ಕೋಬೇಡ. ಏನ್ ಓದ್ಬೇಕು ನಿಂಗೆ?"

ತನುಶ್ರೀ ಟೈಲ್ಸಿನ ಗೆರೆಯನ್ನು ಹೆಬ್ಬೆರಳಿಂದ ಉಜ್ಜಿದಳು. "ನಿಮ್ಗೆ ಬೇಜಾರಾಗುತ್ತೆ ದೊಡ್ಡಪ್ಪ."

"ನೋಡ್ದಾ ಪ್ರೇಮಾ? ಮಗೂಗೆ ಏನೂ ಇಲ್ಲ, ಎಲ್ಲ ನೀನ್ ತಲೆಗೆ ತುಂಬಿರೋದು. ನಾನು ನನ್ ತಲೆಯಿಂದ ಏನೂ ಮಾಡಿಲ್ಲ ಕಣಮ್ಮ. ಎಐನ ಕೇಳಿ ಮಾಡಿರೋದು. ಮಾರ್ಕ್ಸು, ರ‍್ಯಾಂಕು, ಎಲ್ಲ ಕೊಟ್ಟು, ಈ ಹುಡ್ಗಿಗೆ ಯಾವ್ದು ಬೆಸ್ಟು ಅಂದೆ. ಒಂದೇ ಸೆಕೆಂಡ್ ತಗೊಳ್ತು."

"ನಮ್ ತನುಗೆ ಏನಿಷ್ಟ ಅಂತ ಕೇಳಿದ್ರಾ ಅದನ್ನ?"

"ಅದಕ್ಕೆಂಗಮ್ಮ ಗೊತ್ತಾಗುತ್ತೆ?"

"ಎಲ್ಲ ಗೊತ್ತು ಅಂದ್ರಲ್ಲ. ಕೇಳಿ ನೋಡುಮಾ."

ವಿಜಯ್‌ಕುಮಾರ್ ಹಟಕ್ಕೆ ಬಿದ್ದವರಂತೆ ಫೋನೆತ್ತಿ ಬಾಯಿಯ ಹತ್ತಿರ ಹಿಡಿದು ಕೇಳಿಯೇಬಿಟ್ಟರು. ಅರೆಗಳಿಗೆ ಬಿಟ್ಟು, ವಾರ್ತೆ ಓದುವವರ ಕನ್ನಡದಲ್ಲಿ ಅದು ಉತ್ತರಿಸಿತು: "ಕ್ಷಮಿಸಿ, ತನುಶ್ರೀ ಅವರ ಆಸಕ್ತಿಯ ಬಗ್ಗೆ ನನಗೆ ಮಾಹಿತಿ ಇಲ್ಲ. ಅವರಿಗೆ ಯಾವ ವಿಷಯ ಇಷ್ಟವೆಂದು ದಯವಿಟ್ಟು ತಿಳಿಸುವಿರಾ?"

"ನೋಡಿ ಬಾವ," ಅಂದಳು ಪ್ರೇಮಲೀಲಾ, "ಆ ಮಿಷಿನ್ನಾದ್ರೂ ಕೇಳ್ತು."

ಸುಂದರಮ್ಮ ಸೊಪ್ಪಿನ ಮೊರ ಕೆಳಗಿಟ್ಟು ಪಕಪಕನೆ ನಕ್ಕರು. ಫೋನಿನ ತೆರೆಯ ಮೇಲೆ ಸಣ್ಣ ನೀಲಿ ಚುಕ್ಕಿಯೊಂದು ಮಿಡಿಯುತ್ತ ಕಾಯುತ್ತಿತ್ತು. ತನುಶ್ರೀ ಎರಡು ಹೆಜ್ಜೆ ಮುಂದೆ ಬಂದಳು. ದೊಡ್ಡಪ್ಪನ ಮುಖ ನೋಡದೆ, ಅವರ ಕೈಯಲ್ಲಿದ್ದ ಫೋನಿನತ್ತ ಬಗ್ಗಿ, ಸ್ಪಷ್ಟವಾಗಿ ಹೇಳಿದಳು: "ವೆಟರ್ನರಿ. ನಂಗೆ ವೆಟರ್ನರಿ ಡಾಕ್ಟರ್ ಆಗ್ಬೇಕು."

"ಅದ್ಭುತ ಆಯ್ಕೆ!" ಅಂದಿತು ಫೋನು.

"ಈ ನನ್ಮಗಂದು, ಯಾರ್ ಏನಂದ್ರೂ ಅದ್ಭುತ ಅನ್ನುತ್ತೆ!" ವಿಜಯ್‌ಕುಮಾರ್ ಅದನ್ನು ಮೇಜಿನ ಮೇಲೆ ಬೋರಲು ಹಾಕಿದರು. ಅವರು ಬಹಳ ಹೊತ್ತು ಅಂಗೈಯಿಂದ ಮುಖ ಉಜ್ಜಿಕೊಂಡರು. "ಪ್ರೇಮಾ, ತಿಳ್ಕೊಂಡ್ ಮಾತಾಡು. ಅದನ್ನ ಮೇಲ್ಗಡೆ ಹಾಕಿ ಅದೇ ಸಿಕ್ಬುಡ್ತು ಅಂದ್ಕೋ, ಕೆಳಗಿರೋ ಇಂಜಿನಿಯರಿಂಗ್ ಎಲ್ಲ ಅಳ್ಸೋಗುತ್ತೆ. ವಾಪಸ್ ಬೇಕು ಅಂದ್ರೆ ಬರಲ್ಲ. ಇವಳ ರ‍್ಯಾಂಕ್‌ಗೆ ಸಿಕ್ಕೋದು ಬೀದರ್ ಕಣಮ್ಮ! ಇಲ್ಲಿಂದ ಹೊರಟ್ರೆ ಒಂದಿಡೀ ರಾತ್ರಿ ಕಳ್ದು ಮಾರನೇ ದಿನ ಸೇರೋದು. ಹೆಣ್ಮಗು. ನಾಳೆ ಏನಾರಾದ್ರೆ ನನ್ನ ಕೇಳ್ಬಾರ್ದು."

"ಕೇಳಲ್ಲ. ನೀವು ನನ್ನ ಕೇಳಿ. ಎಲ್ಲ ನನ್ ನಂಬರಿಗೇ ತಾನೇ ಬರೋದು."

"ಲಿಂಗ್ರಾಜು, ನೀನೇನಂತೀಯೋ?"

ಲಿಂಗರಾಜು ಅಣ್ಣನನ್ನು ನೋಡಿದ, ಮಗಳನ್ನು ನೋಡಿದ. ತಾನು ಬಿಟ್ಟೆದ್ದ ಕುರ್ಚಿಯನ್ನು ಹೆಂಡತಿಯ ಕಡೆ ಒಂದು ಗೇಣು ಸರಿಸಿದ. "ಅಣ್ಣ, ಕಾಫಿ ಮಾಡ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾಲಿನ ತಂಬಿಗೆ ತೆಗೆದುಕೊಂಡು ಅಡುಗೆಮನೆಗೆ ನಡೆದ.

ಪ್ರೇಮಲೀಲಾ ಕುರ್ಚಿಯ ಮೇಲೆ ಕೂತಳು. ಕೂತಾಗ ಅದು ಕಿರ್ರೆಂದದ್ದು ಎಲ್ಲರಿಗೂ ಕೇಳಿಸಿತು. ವಿಜಯ್‌ಕುಮಾರ್ ಎದ್ದುಬಿಟ್ಟರು. "ಸರಿ, ನಿಮ್ಗೆ ತಿಳ್ದಂಗೆ ಮಾಡ್ಕಳಿ. ನಂದೇನೂ ಇಲ್ಲ ಇನ್ನು." ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು.

ತಾಯಿ ಮಗಳು ಲ್ಯಾಪ್‌ಟಾಪಿಗೆ ಮುಖ ಕೊಟ್ಟರು. ವೆಬ್‌ಸೈಟಿನ ಮುನಿಸು ಅಷ್ಟರಲ್ಲಿ ಇಳಿದು ಬಾಗಿಲು ತೆರೆದಿತ್ತು. ತನುಶ್ರೀ ವೆಟರ್ನರಿ ಕಾಲೇಜುಗಳನ್ನು ಹುಡುಕಿ ಸೇರಿಸಿದಳು. ಅವು ಹೋಗಿ ಎಲ್ಲಕ್ಕಿಂತ ಕೆಳಗೆ ಕೂತವು. ಮೇಲಕ್ಕೆಳೆದರೆ ಜಾರಿ ಜಾರಿ ಮತ್ತೆ ಕೆಳಗೇ ಬೀಳುತ್ತಿದ್ದವು. ಒಂದು ಸಲ ಹಾಸನ ಎಲ್ಲೋ ಮಾಯವೇ ಆಯಿತು.

"ಎಳೀಬೇಡ, ಎಳೀಬೇಡ!" ಬಾಗಿಲಿಂದ ದನಿ ಬಂತು. ವಿಜಯ್‌ಕುಮಾರ್ ಚಪ್ಪಲಿ ಹಾಕಿಕೊಂಡೇ ಹೊಸ್ತಿಲಲ್ಲಿ ನಿಂತಿದ್ದರು, ಅರ್ಧ ಮೈ ಹೊರಗೆ. "ಪಕ್ಕದಲ್ಲಿ ನಂಬರ್ ಹಾಕೋ ಡಬ್ಬ ಇದ್ಯಲ್ಲ, ಅಲ್ಲಿ ಒಂದು ಅಂತ ಒತ್ತು. ಆಮೇಲೆ ಅಪ್‌ಡೇಟ್. ಹಾಂ. ಈಗ ಅದರ ಕೆಳಗಿಂದಕ್ಕೆ ಎರಡು... ಅಯ್ಯೋ, ಎರಡು ಅಂದ್ರೆ ಎರಡು!"

"ಒಳಗೆ ಬಂದು ಹೇಳ್ಕೊಡಿ ದೊಡ್ಡಪ್ಪ."

"ನಾನ್ ಬರಲ್ಲ," ಅಂದರು. ಅಲ್ಲಿಂದ ಹೋಗಲೂ ಇಲ್ಲ. ಒಂದೊಂದು ಅಂಕಿಯನ್ನೂ ಹೊಸ್ತಿಲಿಂದಲೇ ಕೂಗಿ ಕೂರಿಸಿದರು. ವೆಟರ್ನರಿಗಳು ಮುಗಿದ ಮೇಲೆ, ಕೆಳಗೆ ತಮ್ಮ ಇಂಜಿನಿಯರಿಂಗುಗಳು ಕ್ರಮ ತಪ್ಪದೆ ಹಾಗೆಯೇ ಇವೆಯೇ ಎಂದು ಎರಡು ಸಲ ಕೇಳಿ ತಿಳಿದುಕೊಂಡರು.

ತನುಶ್ರೀ ಕೊನೆಯ ಗುಂಡಿ ಒತ್ತಿದಳು. ಸೊಂಟದಲ್ಲಿ ಟಿಂಗ್ ಅಂದಿತು.

ಎಲ್ಲರೂ ಅಭ್ಯಾಸದಂತೆ ಪ್ರೇಮಲೀಲಾಳ ಬಾಯಿ ನೋಡಿದರು. ಕಾಫಿ ಲೋಟ ಹಿಡಿದ ಲಿಂಗರಾಜು, ಮೊರ ಹಿಡಿದ ಅತ್ತೆ, ಹೊಸ್ತಿಲಲ್ಲಿ ಬಾವ. ಅವಳು ಫೋನನ್ನು ಕೀಲಿಮಣೆಯ ಪಕ್ಕ ಆನಿಸಿಟ್ಟಳು. ಲ್ಯಾಪ್‌ಟಾಪನ್ನು ತನ್ನತ್ತ ತಿರುಗಿಸಿಕೊಂಡಳು. ತೋರುಬೆರಳೊಂದರಲ್ಲೇ, ಒಂದು ಅಂಕಿ ನೋಡಿ, ಅದನ್ನು ಹುಡುಕಿ ಒತ್ತಿ, ಮತ್ತೆ ಫೋನು ನೋಡಿ, ಇನ್ನೊಂದನ್ನು ಒತ್ತಿದಳು. ಬಹಳ ಹೊತ್ತಾಯಿತು. ಯಾರೂ ಅವಸರ ಮಾಡಲಿಲ್ಲ. ಅವಳು ಒಂದನ್ನೂ ಬಾಯಿಬಿಟ್ಟು ಹೇಳಲಿಲ್ಲ.

ಮಧ್ಯಾಹ್ನ ಬಾವನವರು ಮೇಲೆ ಹೋಗಿದ್ದರು. ಅವರ ಕಾಫಿ ಮೇಜಿನ ಮೇಲೆ ಅರ್ಧ ಉಳಿದಿತ್ತು. ಅತ್ತೆ ಮಲಗಿದ್ದರು. ತನುಶ್ರೀ ಯಾವ ನೆಪವೂ ಇಲ್ಲದೆ ಕಾಳಯ್ಯನ ಮನೆಗೆ ಹೋಗಿದ್ದಳು. ಪ್ರೇಮಲೀಲಾ ತಣ್ಣಗಾದ ದೋಸೆಯನ್ನು ಚಟ್ನಿಗೆ ಅದ್ದಿ ನಿಂತೇ ತಿಂದಳು. ಕೈ ತೊಳೆದು, ಅಕ್ಕಿ ಡಬ್ಬದ ಮೇಲಿನ ಫೋನು ತೆಗೆದುಕೊಂಡು, ಮಗಳು ಹಿಂದೊಮ್ಮೆ ಕಲಿಸಿದ್ದ ಹಾಗೆ ಭೂಪಟ ತೆರೆದು, ದಾರಿ ಕೇಳುವ ಗುಂಡಿ ಒತ್ತಿ, ಮೈಕಿಗೆ ಮೆಲ್ಲಗೆ ಹೇಳಿದಳು: "ಬೀದರ್."

ತೆರೆ ಗಿರ್ರನೆ ಓಡಿ ಎಲ್ಲೋ ನಿಂತಿತು. ಬೀದರು ಬಂದಿತ್ತು, ಮೈಸೂರು ಇರಲಿಲ್ಲ. ಎರಡು ಬೆರಳಿಂದ ಜಗ್ಗಿದಳು. ಮೈಸೂರು ಬಂತು, ಬೀದರು ಮೇಲೆ ದಾಟಿ ಹೋಯಿತು. ಇನ್ನಷ್ಟು ಚಿಕ್ಕದು ಮಾಡಿದಾಗ ಎರಡೂ ಒಂದೇ ತೆರೆಯಲ್ಲಿ ನಿಂತವು, ನಡುವೆ ಒಂದು ನೀಲಿ ಗೆರೆ. ಊರುಗಳ ಹೆಸರೆಲ್ಲ ಅಳಿಸಿಹೋಗಿದ್ದವು. ಹಾಗಾಗದೆಂದು ಮತ್ತೆ ದೊಡ್ಡದು ಮಾಡಿಕೊಂಡು, ಮೈಸೂರಿನಿಂದಲೇ ಗೆರೆಯ ಮೇಲೆ ಬೆರಳಿಟ್ಟು ಹೊರಟಳು. ಪಾಂಡವಪುರ. ನಾಗಮಂಗಲ. ಒಂದೊಂದು ಹೆಸರನ್ನೂ ಕೂಡಿಸಿ ಓದಿಕೊಂಡಳು.

ಬೀದಿಯಲ್ಲಿ ಸಿಲಿಂಡರು ದಡಾರನೆ ಇಳಿದ ಸದ್ದಾಯಿತು. ಫೋನು ಟಿಂಗ್ ಅಂದು ಸಂದೇಶವೊಂದು ಭೂಪಟದ ನೆತ್ತಿಯ ಮೇಲೆ ಇಳಿಯಿತು.

"ಪ್ರೇಮಾ," ಲಿಂಗರಾಜು ಬಾಗಿಲಿಂದ ಕೂಗಿದ, "ಗ್ಯಾಸ್‌ನೋರು ಓಟಿಪಿ ಕೇಳ್ತಾವ್ರೆ."

"ತಾಳಿ ಅನ್ರೀ ಒಸಿ," ಅಂದಳು ಪ್ರೇಮಲೀಲಾ. ಬೆರಳು ಹಿರಿಯೂರು ದಾಟಿತ್ತು.